ಜೋಡಿ ಸೈಕಲ್ ಸವಾರಿ: ತುಳಿಯಲೂ ಇಬ್ಬರು, ರಿಪೇರಿಗೂ ಇಬ್ಬರು

ಭಾನುವಾರ ಬೆಳಗ್ಗೆ ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆಗೋ, ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೋ ಹೋದರೆ ಗಂಡ-ಹೆಂಡತಿ ಜೊತೆಯಾಗಿ ಸೈಕಲ್ ತುಳಿಯುವುದು ಈಗ ಅಪರೂಪವೇನಲ್ಲ. ಆದರೆ ಜೋಡಿಯಾಗಿ ಶುರುಮಾಡಿದವರಲ್ಲಿ ಬಹಳ ಕಡೆ ನಾಲ್ಕಾರು ತಿಂಗಳಲ್ಲಿ ಒಬ್ಬರೇ ಉಳಿದಿರುತ್ತಾರೆ. ಇನ್ನೊಬ್ಬರ ಸೈಕಲ್ ಬಾಲ್ಕನಿ ಸೇರಿ, ಅದರ ಹ್ಯಾಂಡಲ್ ಮೇಲೆ ಟವೆಲ್ಲು ಒಣಗುತ್ತಿರುತ್ತದೆ. ಕಾಲಲ್ಲಿ ಕಸುವು ಸಾಲದೆ ಬಿಟ್ಟವರು ಕಡಿಮೆ. ಸೈಕಲ್ ಆರಿಸಿದವರು ಒಬ್ಬರು, ಸೀಟಿನ ಎತ್ತರ ಇಟ್ಟವರು ಅವರೇ, ವೇಗ ಅವರದು, ಪಂಚರ್ ಆದರೆ ನೋಡಿಕೊಳ್ಳುವವರೂ ಅವರೇ. ಇನ್ನೊಬ್ಬರಿಗೆ ಉಳಿಯುವುದು ಹಿಂದೆ ಹಿಂದೆ ಹೋಗುವ ಕೆಲಸ. ಅದು ಎಷ್ಟು ದಿನ ರುಚಿಸೀತು?

ಹಾಗಾಗಿ ಈ ಬರಹದ ಉದ್ದಕ್ಕೂ ಒಂದೇ ಹಟ ಹಿಡಿದಿದ್ದೇನೆ: ಅವರವರ ಸೈಕಲ್ಲು ಅವರವರ ಅಳತೆಗೆ, ಅವರವರ ಕೈಕೆಲಸಕ್ಕೆ. ವೇಗ ಮಾತ್ರ ನಿಧಾನವಾಗಿ ಹೋಗುವವರದು.

ಕೊಳ್ಳುವಾಗ: ಅಳತೆ ಬೇರೆ, ಬಿಡಿಭಾಗ ಒಂದೇ

ಟಾರು ರಸ್ತೆಯಲ್ಲೇ ಓಡಿಸುವವರು ರೋಡ್ ಬೈಕನ್ನೋ (ಬಾಗಿದ ಹ್ಯಾಂಡಲ್, ತೆಳು ಟೈರು) ಹೈಬ್ರಿಡ್ಡನ್ನೋ (ನೆಟ್ಟಗಿನ ಹ್ಯಾಂಡಲ್) ಕೊಳ್ಳಿ. ಶಾಕ್ ಅಬ್ಸಾರ್ಬರ್ ಇರುವ ಎಂಟಿಬಿ (ಮೌಂಟನ್ ಬೈಕು) ನೋಡಲು ಗಟ್ಟಿಮುಟ್ಟಾಗಿರುತ್ತದೆ, ಆದರೆ ಅದರ ದಪ್ಪ ಟೈರು, ಹೆಚ್ಚಿನ ತೂಕ ಎರಡೂ ನಿಮ್ಮ ಕಾಲಿನಿಂದಲೇ ಬಾಡಿಗೆ ವಸೂಲಿ ಮಾಡುತ್ತವೆ. ಒಬ್ಬರು ರೋಡ್ ಬೈಕು, ಇನ್ನೊಬ್ಬರು ಎಂಟಿಬಿ ತಗೊಂಡು ಜೊತೆಗೆ ಹೋಗುತ್ತೇವೆ ಎನ್ನುವುದಂತೂ ಬೇಡವೇ ಬೇಡ. ಎಂಟಿಬಿಯಲ್ಲಿ ಇರುವವರು ಎಷ್ಟು ತುಳಿದರೂ ಹಿಂದೆಯೇ ಉಳಿಯುತ್ತಾರೆ, ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ.

ಫ್ರೇಮಿನ ಅಳತೆ ಎತ್ತರದ ಮೇಲೆ ಹೋಗುತ್ತದೆ. ರೋಡ್ ಬೈಕಿನಲ್ಲಿ ಐದು ಅಡಿ ಎರಡು ಇಂಚಿನವರಿಗೆ ಸುಮಾರು 48ರಿಂದ 50 ಸೆಂ.ಮೀ., ಐದು ಅಡಿ ಎಂಟು ಇಂಚಿನವರಿಗೆ 54ರ ಆಸುಪಾಸು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿರುವುದರಿಂದ ಆಯಾ ಕಂಪನಿಯ ಚಾರ್ಟ್ ನೋಡಿ, ಕೂತು ನೋಡಿ. "ಮೇಡಂಗೆ ಇದೇ ಸಾಕು, ಸೀಟ್ ಇಳಿಸಿದ್ರೆ ಆಯ್ತು" ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ಸೀಟು ಇಳಿಸಿದರೆ ಎತ್ತರ ಸರಿಹೋದೀತು, ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಕೈ ಚಾಚಿ ಚಾಚಿ ಕತ್ತು, ಭುಜ ನೋಯುತ್ತದೆ.

ಇನ್ನು ಜೋಡಿಗೆಂದೇ ಇರುವ ಲೆಕ್ಕ. ಫ್ರೇಮು ಎಷ್ಟೇ ಬೇರೆಯಿರಲಿ, ಈ ನಾಲ್ಕು ಎರಡರಲ್ಲೂ ಒಂದೇ ಇರುವಂತೆ ನೋಡಿಕೊಳ್ಳಿ: ಚಕ್ರದ ಅಳತೆ (700ಸಿ), ಟೈರಿನ ಅಗಲ (28 ಅಥವಾ 32 ಮಿ.ಮೀ.), ಟ್ಯೂಬಿನ ವಾಲ್ವು (ಎರಡೂ ಪ್ರೆಸ್ಟಾ, ಅಂದರೆ ತೆಳ್ಳಗೆ ಉದ್ದವಿರುವುದು), ಹಿಂದಿನ ಗೇರಿನ ಸಂಖ್ಯೆ. ಆಗ ದಾರಿಯಲ್ಲಿ ಒಂದೇ ಬಗೆಯ ಟ್ಯೂಬು, ಚೈನಿನ ತುದಿಗಳನ್ನು ಜೋಡಿಸುವ ಒಂದೇ ಕ್ವಿಕ್ ಲಿಂಕ್, ಒಂದೇ ಪಂಪು ಇಬ್ಬರಿಗೂ ಆಗುತ್ತದೆ. ಗೇರು ತಯಾರಿಸುವ ಶಿಮಾನೋ ಕಂಪನಿಯ ಮೆಕ್ಯಾನಿಕಲ್ (ಕೇಬಲಿನಿಂದ ನಡೆಯುವ) ಶ್ರೇಣಿಯಲ್ಲಿ ಕ್ಲಾರಿಸ್‌ಗೆ ಹಿಂದೆ 8 ಹಲ್ಲುಚಕ್ರ, ಸೋರಾಕ್ಕೆ 9, ಟಿಯಾಗ್ರಾಕ್ಕೆ 10, 105ರಲ್ಲಿ 11 ಅಥವಾ 12. ಇವುಗಳ ಚೈನು ಒಂದರದು ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಹವ್ಯಾಸಕ್ಕೆ ಓಡಿಸುವವರಿಗೆ ಕ್ಲಾರಿಸ್, ಸೋರಾ ಧಾರಾಳ ಸಾಕು. ಉಳಿದ ದುಡ್ಡು ಒಳ್ಳೆಯ ಟೈರಿಗೆ, ಹೆಲ್ಮೆಟ್ಟಿಗೆ, ಪ್ಯಾಡ್ ಇರುವ ಚಡ್ಡಿಗೆ ಹೋಗಲಿ. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ ದೊಡ್ಡದು 32 ಅಥವಾ 34 ಹಲ್ಲಿನದು ಇದ್ದರೆ ಚಾಮುಂಡಿ ಬೆಟ್ಟವನ್ನು ಕೂತಲ್ಲೇ ಏರಬಹುದು.

ಇಬ್ಬರೂ ಒಂದೇ ಸೈಕಲ್ ತುಳಿಯುವ ಟ್ಯಾಂಡೆಮ್ಮೂ ಇದೆ. ನಮ್ಮಲ್ಲಿ ಸಿಗುವುದು ಕಷ್ಟ, ಲಿಫ್ಟಿನಲ್ಲಿ ಹಿಡಿಸುವುದು ಇನ್ನೂ ಕಷ್ಟ. ಬಿಡಿ.

ಸೀಟು ಕೂರಿಸುವುದು

ಮೊಣಕಾಲು ನೋವು, ಸೊಂಟ ನೋವು, ಅಂಗೈ ಜೋಮು ಇವುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ಹೀಗೆ ಮಾಡಿ:

1. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ತಾಗುವಂತೆ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಇನ್ನೊಬ್ಬರು ಟೇಪು ಹಿಡಿಯಲಿ.
2. ಬಂದ ಅಳತೆಯನ್ನು 0.883ರಿಂದ ಗುಣಿಸಿ. 74 ಸೆಂ.ಮೀ. ಬಂದರೆ ಸುಮಾರು 65.3. ಪೆಡಲಿನ ಕ್ರ್ಯಾಂಕು ತಿರುಗುವ ಮಧ್ಯಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ, ಸೀಟ್ ಟ್ಯೂಬಿನ (ಸೀಟಿನಡಿಯ ಫ್ರೇಮಿನ ಕೊಳವೆ) ಉದ್ದಕ್ಕೂ ಅಳೆದರೆ ಇಷ್ಟು ಇರಬೇಕು. ಇದು ಆರಂಭದ ಅಂದಾಜು ಮಾತ್ರ.
3. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲು ಪೂರ್ತಿ ಕೆಳಗೆ ಬಂದಾಗ ಕಾಲು ಸರಿಯಾಗಿ ನೆಟ್ಟಗಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ.
4. ಹಿಂದೆ ನಿಂತವರು ನೋಡಲಿ: ತುಳಿಯುವಾಗ ಸೊಂಟ ಆ ಕಡೆ ಈ ಕಡೆ ಕುಲುಕಿದರೆ ಸೀಟು ಎತ್ತರವಾಗಿದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ತಗ್ಗಾಗಿದೆ. ಒಂದು ಸಲಕ್ಕೆ ಮೂರೋ ಐದೋ ಮಿ.ಮೀ. ಮಾತ್ರ ಬದಲಿಸಿ.
5. ಸರಿಹೋದ ಮೇಲೆ ಸೀಟ್ ಪೋಸ್ಟಿಗೆ ಇನ್ಸುಲೇಷನ್ ಟೇಪು ಸುತ್ತಿ ಗುರುತಿಡಿ. ಸರ್ವಿಸ್‌ಗೆ ಕೊಟ್ಟಾಗ ಅದನ್ನು ಇಳಿಸದೆ ವಾಪಸ್ ಕೊಡುವ ಅಂಗಡಿ ನಾನಿನ್ನೂ ನೋಡಿಲ್ಲ.

ಹೆಂಗಸರು ಸೈಕಲ್ ಬಿಡುವುದಕ್ಕೆ ಇರುವ ದೊಡ್ಡ ಕಾರಣವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ: ಸೀಟು. ಸೈಕಲ್ ಜೊತೆ ಬರುವ ಕಿರಿದಾದ ಸೀಟು ನಮ್ಮಲ್ಲಿ ಅನೇಕರ ಕೂರುವ ಮೂಳೆಗಳ ಅಗಲಕ್ಕೆ ಸಾಲದು. ಭಾರವೆಲ್ಲ ಮೆತ್ತನೆಯ ಭಾಗಕ್ಕೆ ಬೀಳುತ್ತದೆ. ದಪ್ಪ ಜೆಲ್ ಕವರ್ ಹಾಕಿದರೆ ಮೊದಲ ಹತ್ತು ಕಿಲೋಮೀಟರ್ ಹಾಯೆನಿಸಿ ಆಮೇಲೆ ಇನ್ನೂ ಕೆಡುತ್ತದೆ. ಬೇಕಿರುವುದು ಅಗಲ ಸರಿಯಿರುವ, ಮಧ್ಯೆ ಸೀಳು ಬಿಟ್ಟಿರುವ ಸೀಟು. ಅದನ್ನು ಮಟ್ಟವಾಗಿ ಕೂರಿಸಬೇಕು, ಮೂತಿ ಮೇಲೆದ್ದಿರಬಾರದು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕುವಂತಿಲ್ಲ, ಹೊಲಿಗೆ ಉಜ್ಜಿ ಚರ್ಮ ಕೆಂಪಾಗುತ್ತದೆ. ಮೇಲೊಂದು ಸಡಿಲ ಶಾರ್ಟ್ಸ್ ಹಾಕಿಕೊಂಡರೆ ದಾರಿಯ ಹೋಟೆಲಿನಲ್ಲಿ ಇಳಿಯಲೂ ಮುಜುಗರವಿಲ್ಲ.

ಕೈ ಚಿಕ್ಕದಿರುವವರು ಬ್ರೇಕ್ ಲಿವರಿನಲ್ಲಿರುವ ಪುಟ್ಟ ಸ್ಕ್ರೂ ಹುಡುಕಿ. ಬಹಳಷ್ಟು ಲಿವರುಗಳಲ್ಲಿ ಅದನ್ನು ತಿರುಗಿಸಿದರೆ ಲಿವರು ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಬೆರಳು ಎಟುಕದ ಬ್ರೇಕು ಇಟ್ಟುಕೊಂಡು ಬೆಟ್ಟ ಇಳಿಯಬಾರದು.

ರಸ್ತೆಯಲ್ಲಿ ಇಬ್ಬರು

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಜೋಡಿಯ ಸವಾರಿ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ರಿಂಗ್ ರೋಡಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಬ್ಬರು ಮುನ್ನೂರು ಮೀಟರ್ ಮುಂದೆ ಹೋಗಿ, ನಿಂತು, ನೀರು ಕುಡಿದು, ದಣಿವಾರಿಸಿಕೊಂಡಿರುತ್ತಾರೆ. ಇನ್ನೊಬ್ಬರು ಏದುಸಿರು ಬಿಡುತ್ತ ಬಂದು ಸೇರಿದ ತಕ್ಷಣ "ಹೊರಡೋಣ್ವಾ?" ಎನ್ನುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಅದು ಸಿಗಲೇ ಇಲ್ಲ. ಇದಕ್ಕೆ ಒಂದೇ ಕಟ್ಟಳೆ: ಹಿಂದಿನಿಂದ ಬಂದವರು "ಸರಿ" ಎನ್ನುವವರೆಗೆ ಹೊರಡುವಂತಿಲ್ಲ.

ಇನ್ನೊಂದು ಚಾಳಿ ಇದೆ. ಪಕ್ಕದಲ್ಲೇ ಹೋಗುತ್ತಿದ್ದರೂ ಅರ್ಧ ಚಕ್ರ ಮುಂದೆ ಇರುವುದು. ಇನ್ನೊಬ್ಬರು ಸರಿಸಮ ಬರಲು ಸ್ವಲ್ಪ ಜೋರು ತುಳಿಯುತ್ತಾರೆ, ಇವರು ಮತ್ತೆ ಅರ್ಧ ಚಕ್ರ ಮುಂದೆ. ಹತ್ತು ನಿಮಿಷದಲ್ಲಿ ಇಬ್ಬರೂ ಓಟಕ್ಕೆ ಬಿದ್ದಿರುತ್ತಾರೆ. ಬಹುತೇಕ ಇದು ಗೊತ್ತಿಲ್ಲದೇ ಆಗುವುದು, "ರೀ, ಚಕ್ರ!" ಎಂದರೆ ಸಾಕು.

ಸಮತಟ್ಟಾದ ರಸ್ತೆಯಲ್ಲಿ, ಗಾಳಿ ಇಲ್ಲದಾಗ, ನಿಧಾನದವರು ಮುಂದೆ ಇರಲಿ. ವೇಗ ತಾನಾಗಿ ಸರಿಹೋಗುತ್ತದೆ. ಎದುರುಗಾಳಿ ಇದ್ದರೆ ಶಕ್ತಿವಂತರು ಮುಂದೆ ಬರಬೇಕು. ಹಿಂದೆ ಅಂಟಿಕೊಂಡು ಹೋಗುವವರಿಗೆ ಗಾಳಿಯ ತಡೆ ಹೆಚ್ಚುಕಡಿಮೆ ಮೂರನೇ ಒಂದರಷ್ಟು ತಗ್ಗುತ್ತದೆ. ನುರಿತವರು ಅರ್ಧ ಮೀಟರ್ ಬಿಟ್ಟು ಹೋಗುತ್ತಾರೆ, ಹೊಸಬರು ಒಂದೂವರೆ ಎರಡು ಮೀಟರ್ ಬಿಡಿ. ಹಿಂದಿನವರ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಎಂದೂ ಬರಬಾರದು. ಮುಂದಿನವರು ಗುಂಡಿ ತಪ್ಪಿಸಲು ಸರಕ್ಕನೆ ವಾಲಿದರೆ ಬೀಳುವವರು ಹಿಂದಿನವರೇ. ಮುಂದೆ ಇರುವವರು ಕೂಗಿ ಹೇಳಬೇಕಾದ ಮಾತುಗಳು ಚಿಕ್ಕದಿರಲಿ: "ಗುಂಡಿ", "ಹಂಪ್", "ಮರಳು", "ನಾಯಿ". ಹಿಂದಿನವರದು ಒಂದೇ ಮಾತು: "ಲಾರಿ."

ಮೈಸೂರು ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ಹುಣಸೂರು ಕಡೆಗೆ ಹೊರಟರೆ ಹೋಗುವಾಗ ಎದುರುಗಾಳಿ, ದಣಿದು ಬರುವಾಗ ಬೆನ್ನಿಗೆ ಗಾಳಿ. ಉಲ್ಟಾ ದಿಕ್ಕಿಗೆ ಹೋದರೆ ಹೋಗುವಾಗ ಹುಮ್ಮಸ್ಸಿನಲ್ಲಿ ಹೋಗಿಬಿಟ್ಟು ಬರುವಾಗ ಜಗಳ.

ಮೊದಲ ತಿಂಗಳು ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ 15ರಿಂದ 20 ಕಿ.ಮೀ. ಸಾಕು. ಗಂಟೆಗೆ 18-20 ಕಿ.ಮೀ. ಹೋದರೆ ಚೆನ್ನಾಗಿಯೇ ಹೋಗುತ್ತಿದ್ದೀರಿ. ಮಾತಾಡುತ್ತ ತುಳಿಯಲು ಆಗಬೇಕು, ಅದೇ ಅಳತೆಗೋಲು. ಗೇರು ಹಗುರವಿಟ್ಟು ನಿಮಿಷಕ್ಕೆ 80ರ ಹತ್ತಿರ ಸುತ್ತು ಬರುವಂತೆ ತುಳಿಯಿರಿ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಮಂಡಿಗೆ ಕೇಡು. ಎರಡನೇ ತಿಂಗಳಲ್ಲಿ ಶ್ರೀರಂಗಪಟ್ಟಣ, ರಂಗನತಿಟ್ಟು ಸುತ್ತಿ ಬನ್ನಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೋ ಊರೊಳಗಿನ ರಸ್ತೆಯಲ್ಲೋ ಹೋಗಬೇಕು. ಹಳ್ಳಿ ರಸ್ತೆ ಹೆಚ್ಚು ಹಿತ, ನಾಲೆ ಏರಿ ಮೇಲಿನದು ಇನ್ನೂ ಹಿತ.

ಬೆಟ್ಟದಲ್ಲಿ ಮಾತ್ರ ಜೊತೆಗೆ ಹೋಗುವ ಹಟ ಬೇಡ. ಏರಿನಲ್ಲಿ ಇನ್ನೊಬ್ಬರ ವೇಗಕ್ಕೆ ತುಳಿಯುವುದು ಇಬ್ಬರಿಗೂ ಹಿಂಸೆ. ಚಾಮುಂಡಿ ಬೆಟ್ಟವಾದರೆ ನಂದಿ ವಿಗ್ರಹದ ಕವಲಿನಲ್ಲಿ ಸಿಗೋಣ ಎಂದು ಮೊದಲೇ ಮಾತಾಡಿಕೊಂಡು ಅವರವರ ಪಾಡಿಗೆ ಏರಿ. 1478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ ಕೊನೆಯ ತಿರುವುಗಳು ಕಡಿದು, ಅಲ್ಲಿಗೆ ಉಸಿರು ಉಳಿಸಿಟ್ಟುಕೊಳ್ಳಿ. ಇಳಿಯುವಾಗ ಮೊದಲು ಇಳಿಯುವವರು ಹೆದರುವವರಾಗಿರಲಿ, ಹಿಂದಿನಿಂದ ತಳ್ಳಿದ ಹಾಗೆ ಯಾರೂ ಬರಬಾರದು. ತಿರುವಿನ ಒಳಗಲ್ಲ, ತಿರುವಿಗೆ ಮುಂಚೆಯೇ ಬ್ರೇಕು ಹಿಡಿಯಬೇಕು.

ಕೊಯ್ಲಿನ ಕಾಲಕ್ಕೆ ಇನ್ನೊಂದು ಎಚ್ಚರಿಕೆ. ಹಳ್ಳಿಗಳಲ್ಲಿ ಹುರುಳಿ, ರಾಗಿಯನ್ನು ಒಕ್ಕಣೆಗೆಂದು ರಸ್ತೆಗೇ ಹರವಿರುತ್ತಾರೆ. ಕಾರು ಅದರ ಮೇಲೆ ಆರಾಮಾಗಿ ಹೋಗುತ್ತದೆ. ಸೈಕಲ್ ಹೋದರೆ ಹುರುಳಿಬಳ್ಳಿ ಹಿಂದಿನ ಹಲ್ಲುಚಕ್ರಕ್ಕೆ ಸುತ್ತಿ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರನ್ನು ಎಳೆದು ಚಕ್ರದ ಕಡ್ಡಿಗಳೊಳಗೆ ಸಿಕ್ಕಿಸಿ ಮುರಿದುಹಾಕಬಲ್ಲದು. ಇಳಿದು, ಸೈಕಲ್ ಎತ್ತಿಕೊಂಡು ದಾಟಿ. ಒಂದೆರಡು ಎಳೆ ಸುತ್ತಿದ್ದರೂ ತುಳಿಯುವ ಮುನ್ನ ಬಿಡಿಸಿ.

ನೀರು ತಾಸಿಗೆ ಅರ್ಧ ಲೀಟರ್, ಫೆಬ್ರುವರಿ ಕಳೆದರೆ ಮುಕ್ಕಾಲು. ಒಂದೂವರೆ ತಾಸು ಮೀರುವ ಸವಾರಿಗೆ ಬಾಳೆಹಣ್ಣು, ಕಡಲೆಮಿಠಾಯಿ, ಇನ್ನೂ ಉದ್ದದ್ದಾದರೆ ಓಆರ್‌ಎಸ್. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಅದನ್ನು ಕಲಸಬೇಕು. ಹಸಿವಾಗುವ ಮುಂಚೆ ತಿನ್ನಿ. ಸೈಕಲ್ ಮೇಲಿನ ದಂಪತಿ ಜಗಳಗಳಲ್ಲಿ ಅರ್ಧದಷ್ಟು ಬರೀ ಹಸಿವು.

ಹೊರಡುವ ಮುನ್ನ ಮೂರು ನಿಮಿಷ

ಅವರವರ ಸೈಕಲ್ಲನ್ನು ಅವರವರೇ ನೋಡಿಕೊಳ್ಳಬೇಕು. ತಿಂಗಳಿಗೊಮ್ಮೆ ಮಾತ್ರ ಅದಲುಬದಲು ಮಾಡಿಕೊಳ್ಳಿ. ನಮ್ಮ ಸೈಕಲ್ಲಿನ ಕಿರಿಕಿರಿ ಸದ್ದಿಗೆ ನಮ್ಮ ಕಿವಿ ಒಗ್ಗಿಹೋಗಿರುತ್ತದೆ, ಇನ್ನೊಬ್ಬರ ಕಿವಿಗೆ ಥಟ್ಟನೆ ಗೊತ್ತಾಗುತ್ತದೆ.

ಮೊದಲು ಗಾಳಿ. ಮನೆಯಲ್ಲಿ ಮೀಟರ್ ಇರುವ ನಿಲುಪಂಪು ಇರಲೇಬೇಕು, ಹೆಬ್ಬೆರಳಲ್ಲಿ ಒತ್ತಿ ನೋಡುವುದು ಕೆಲಸಕ್ಕೆ ಬಾರದು. ಇಬ್ಬರ ಟೈರಿಗೂ ಒಂದೇ ಗಾಳಿ ಹೊಡೆಯುವುದು ಎಲ್ಲ ಮನೆಯಲ್ಲೂ ನಡೆಯುವ ತಪ್ಪು. 28 ಮಿ.ಮೀ. ಟೈರಿಗೆ 55 ಕಿಲೋ ತೂಕದವರು ಹಿಂದೆ 65, ಮುಂದೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟು ಶುರುಮಾಡಬಹುದು. 75 ಕಿಲೋದವರಿಗೆ ಹಿಂದೆ 80, ಮುಂದೆ 75. ಹಗುರದವರ ಟೈರಿಗೆ ಹೆಚ್ಚು ಹೊಡೆದರೆ ಕೈ ಅದುರಿ, ಮಳೆಯಲ್ಲಿ ಜಾರುತ್ತದೆ. ಭಾರದವರ ಟೈರಿಗೆ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಒಡೆಯುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ದಾಟಬೇಡಿ. ಪೆಟ್ರೋಲ್ ಬಂಕಿನ ಗಾಳಿ ಪ್ರೆಸ್ಟಾ ವಾಲ್ವಿಗೆ ನೇರ ಹಿಡಿಯುವುದಿಲ್ಲ, ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ವಾಲ್ವಿನ ಮೇಲೇ ತಿರುಪಿಟ್ಟುಕೊಂಡಿದ್ದರೆ ಆಪತ್ತಿಗೆ ಆಗುತ್ತದೆ.

ಆಮೇಲೆ ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ, ಲಿವರು ಹ್ಯಾಂಡಲ್ಲಿಗೆ ತಾಗಬಾರದು. ಚಕ್ರವನ್ನು ಬಿಗಿಯುವ ಕ್ವಿಕ್ ರಿಲೀಸ್ ಲಿವರು ಮುಚ್ಚುವಾಗ ಅಂಗೈಯಲ್ಲಿ ಅಚ್ಚು ಬೀಳುವಷ್ಟು ಬಿಗಿ ಬೇಕು. ಕೊನೆಗೆ ಸೈಕಲ್ಲನ್ನು ಒಂದು ಅಂಗುಲ ಎತ್ತಿ ನೆಲಕ್ಕೆ ಬಿಡಿ. ಸಡಿಲವಿದ್ದದ್ದು ತಾನೇ ಸದ್ದು ಮಾಡುತ್ತದೆ.

ಪಂಚರ್: ಇಬ್ಬರಿಗೂ ಬರಲೇಬೇಕು

ನಮ್ಮ ರಸ್ತೆಯ ಮುಖ್ಯ ಶತ್ರು ಗಾಜಲ್ಲ, ಜಾಲಿಮುಳ್ಳು. ಬೇಲಿ ಸವರಿದ ವಾರ ಹಳ್ಳಿ ರಸ್ತೆಯ ಅಂಚಿಗೆ ಹೋಗಲೇಬೇಡಿ. ಪಂಚರ್ ಅನ್ನು ಮನೆಯಲ್ಲಿ ಒಂದು ಸಂಜೆ ಟೀ ಕುಡಿಯುತ್ತ ಕಲಿಯಿರಿ. ಒಬ್ಬರು ಮಾಡುವಾಗ ಇನ್ನೊಬ್ಬರು ಕೈ ಹಾಕಬಾರದು, "ಕೊಡಿಲ್ಲಿ, ನಾನು ಮಾಡ್ತೀನಿ" ಎನ್ನಬಾರದು.

1. ಹಿಂದಿನ ಚಕ್ರವಾದರೆ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ರಿಮ್ ಬ್ರೇಕಿದ್ದರೆ ಅದರ ಪುಟ್ಟ ಲಿವರು ಎತ್ತಿ ಸಡಿಲಿಸಿ, ಚಕ್ರ ತೆಗೆಯಿರಿ. ಡಿಸ್ಕ್ ಬ್ರೇಕಿದ್ದರೆ ಚಕ್ರ ಹೊರಗಿರುವಾಗ ಲಿವರು ಒತ್ತಬೇಡಿ.
2. ಉಳಿದ ಗಾಳಿ ಪೂರ್ತಿ ಬಿಡಿ. ಟೈರಿನ ಅಂಚನ್ನು ಸುತ್ತಲೂ ಹಿಂಡಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಅಲ್ಲಿ ಸುತ್ತಳತೆ ಕಡಿಮೆ, ಟೈರು ಸಡಿಲಾಗುತ್ತದೆ. ಈ ಒಂದು ಹೆಜ್ಜೆ ಗೊತ್ತಿದ್ದರೆ ಬೆರಳಿನ ಶಕ್ತಿ ಲೆಕ್ಕಕ್ಕಿಲ್ಲ.
3. ಪ್ಲಾಸ್ಟಿಕ್ ಟೈರ್ ಲಿವರಿನಿಂದ ಒಂದು ಬದಿಯನ್ನು ಮಾತ್ರ ಎಬ್ಬಿಸಿ ಟ್ಯೂಬು ಹೊರತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ಟ್ಯೂಬಿಗೆ ಇನ್ನೊಂದು ತೂತು ಬೀಳುತ್ತದೆ.
4. ಹಳೆಯ ಟ್ಯೂಬಿಗೆ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ಟ್ಯೂಬನ್ನು ಟೈರಿನ ಪಕ್ಕ, ವಾಲ್ವಿಗೆ ವಾಲ್ವಿನ ಜಾಗ ಹೊಂದಿಸಿ ಹಿಡಿದರೆ ಮುಳ್ಳು ಟೈರಿನ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ. ಅಕ್ಕಪಕ್ಕ ಎರಡು ತೂತಿದ್ದರೆ ಮುಳ್ಳಲ್ಲ, ಗಾಳಿ ಕಡಿಮೆಯಿತ್ತು ಎಂದರ್ಥ.
5. ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ. ಮುಳ್ಳಿನ ತುದಿ ಒಳಗೇ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಉಗುರಿನಲ್ಲೋ ಚಿಮುಟದಲ್ಲೋ ಎಳೆದು ತೆಗೆಯದಿದ್ದರೆ ಹೊಸ ಟ್ಯೂಬೂ ಎರಡು ಕಿಲೋಮೀಟರಿಗೆ ಠುಸ್.
6. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಭಾಗದಿಂದ ಒಳಸೇರಿಸುತ್ತ ಬಂದು ವಾಲ್ವಿನ ಬಳಿ ಮುಗಿಸಿ. ಕೊನೆಯ ಗೇಣು ಬಿಗಿಯಾದಾಗ ಲಿವರಿಗೆ ಕೈ ಹಾಕದೆ, ಮತ್ತೆ ಸುತ್ತಲೂ ಹಿಂಡಿ ಅಂಚನ್ನು ತಗ್ಗಿಗೆ ಇಳಿಸಿ, ಎರಡು ಹೆಬ್ಬೆರಳಿಂದ ಒತ್ತಿ.
7. ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಡಿ. ಟ್ಯೂಬು ಅಂಚಿನಡಿ ಸಿಕ್ಕಿದೆಯೇ ಎಂದು ಎರಡೂ ಬದಿ ಸುತ್ತ ನೋಡಿ, ಆಮೇಲೆ ಗಾಳಿ ಹೊಡೆಯಿರಿ. ಕೈಪಂಪಿನಲ್ಲಿ 50-60 ಬಂದರೆ ಮೆಲ್ಲಗೆ ಮನೆ ಮುಟ್ಟಲು ಸಾಕು.

ಪ್ಯಾಚ್ ಹಾಕುವ ಕೆಲಸ ಮನೆಯಲ್ಲಿ ಮಾಡಿ. ತೂತಿನ ಸುತ್ತ ಮರಳುಕಾಗದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಆರಲು ಬಿಡಬೇಕು. ಹಸಿಯಿರುವಾಗಲೇ ಅಂಟಿಸಿದ ಪ್ಯಾಚು ನಿಲ್ಲುವುದಿಲ್ಲ. ಒಬ್ಬೊಬ್ಬರ ಸೀಟಿನಡಿಯ ಚೀಲದಲ್ಲೂ ಒಂದು ಟ್ಯೂಬು, ಎರಡು ಲಿವರು, ಅಲೆನ್ ಕೀ ಇರಲಿ. ಪಂಪು ಒಂದೇ ಇದ್ದರೆ ಅದು ಹಿಂದೆ ಬರುವವರ ಬಳಿ ಇರಬೇಕು. ಮುಂದೆ ಹೋದವರ ಬಳಿ ಪಂಪಿದ್ದು, ಹಿಂದಿನವರು ಪಂಚರಾಗಿ ನಿಂತರೆ ಆಗುವ ಮಾತುಕತೆ ಬರೆಯುವಂಥದ್ದಲ್ಲ.

ಚೈನು

ಸೈಕಲ್ಲಿನಲ್ಲಿ ಬೇರೆ ಏನನ್ನೂ ನೋಡಿಕೊಳ್ಳದಿದ್ದರೂ ಚೈನನ್ನು ನೋಡಿಕೊಳ್ಳಿ. ದೂಳು, ಎಣ್ಣೆ ಸೇರಿದ ಕಪ್ಪು ಅಂಟು ಮರಳುಕಾಗದದ ಕೆಲಸವನ್ನೇ ಮಾಡುತ್ತದೆ. ಚೈನಿನ ಪಿನ್ನು ಸವೆದು ಚೈನು ಉದ್ದವಾಗುತ್ತದೆ, ಉದ್ದವಾದ ಚೈನು ಹಲ್ಲುಚಕ್ರಗಳನ್ನು ತಿನ್ನುತ್ತದೆ. ಚೈನು ಅಗ್ಗ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಕಟ್ಟು) ದುಬಾರಿ.

ಒಣ ರಸ್ತೆಯಲ್ಲಿ 200-300 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅವತ್ತೇ ಹೀಗೆ ಮಾಡಿ. ಹಳೆ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ. ಬಟ್ಟೆ ಕರ್ರಗಾದರೆ ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ನಾಲ್ಕೂ ಬದಿ ತಿಕ್ಕಿ. ಸೀಮೆಎಣ್ಣೆ, ಡೀಸೆಲ್ಲಿನಲ್ಲೂ ಕೊಳೆ ಹೋಗುತ್ತದೆ, ಆದರೆ ಅದನ್ನು ಆಮೇಲೆ ಸೋಪುನೀರಿನಲ್ಲಿ ಪೂರ್ತಿ ತೊಳೆದು ತೆಗೆಯಬೇಕು. ಪೆಟ್ರೋಲು ಬೇಡ, ಬೆಂಕಿಯ ಭಯ. ಡಿರೈಲರಿನ ಎರಡು ಪುಟ್ಟ ಚಕ್ರಗಳ ಮೇಲೆ ಕಪ್ಪು ಪಟ್ಟಿಯಂತೆ ಕೊಳೆ ಕಟ್ಟಿರುತ್ತದೆ, ಐಸ್‌ಕ್ರೀಮ್ ಕಡ್ಡಿಯಿಂದ ಕೆರೆದು ತೆಗೆಯಿರಿ. ಹಲ್ಲುಚಕ್ರಗಳ ಸಂದಿಗೆ ಬಟ್ಟೆಯ ಅಂಚು ತೂರಿಸಿ ಆಚೀಚೆ ಎಳೆಯಿರಿ. ಮಗ್ಗಿನಲ್ಲಿ ನೀರು ಸುರಿದು ತೊಳೆಯಬಹುದು. ಕಾರು ತೊಳೆಯುವ ಪ್ರೆಷರ್ ಪೈಪು ಬೇಡ, ಬೇರಿಂಗಿನ ಗ್ರೀಸು ಹೊರಗೆ, ನೀರು ಒಳಗೆ.

ಪೂರ್ತಿ ಒಣಗಿದ ಮೇಲೆ ಎಣ್ಣೆ. ಚೈನಿನ ಕೆಳಸಾಲಿನ ಒಳಮೈಗೆ ಒಂದೊಂದು ರೋಲರಿಗೆ ಒಂದೊಂದೇ ಹನಿ. ಒಂದು ಸುತ್ತು ಮುಗಿಯಿತೇ ಎಂದು ಗೊತ್ತಾಗಲು ಕ್ವಿಕ್ ಲಿಂಕನ್ನು ಗುರುತಾಗಿ ಇಟ್ಟುಕೊಳ್ಳಿ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ರೋಲರಿನ ಒಳಗೆ. ಹೊರಗೆ ಉಳಿದದ್ದು ದೂಳಿಗೆ ಆಹ್ವಾನ. ಬೇಸಿಗೆಗೆ ಡ್ರೈ ಲ್ಯೂಬ್, ಮಳೆಗಾಲಕ್ಕೆ ವೆಟ್ ಲ್ಯೂಬ್. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಅಂಟುತ್ತದೆ, ಹೊಲಿಗೆ ಮಿಷನ್ನಿನ ಎಣ್ಣೆ ತೀರಾ ತೆಳು. ಡಬ್ಲ್ಯೂಡಿ-40 ಸ್ಪ್ರೇ ತುಕ್ಕು ಬಿಡಿಸಲು ಸರಿ, ಚೈನಿಗೆ ಅದೇ ಎಣ್ಣೆ ಎಂದು ಹೊಡೆದರೆ ಬೇಗ ಆರಿಹೋಗುತ್ತದೆ.

ಸವೆತ ನೋಡಲು ಒಂದು ಅಡಿಯ ಸ್ಟೀಲ್ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ಮಧ್ಯದಲ್ಲಿ ಸೊನ್ನೆ ಇಟ್ಟರೆ 12 ಇಂಚಿನ ಗೆರೆಯೂ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯಕ್ಕೇ ಬರುತ್ತದೆ. ಆ ಪಿನ್ನು ಇಂಚಿನ ಹದಿನಾರನೇ ಒಂದು ಭಾಗ ಆಚೆ ಸರಿದಿದ್ದರೆ ಅರ್ಧ ಶೇಕಡ ಸವೆದಿದೆ. 11-12 ಗೇರಿನ ಚೈನು ಬದಲಿಸುವ ಹೊತ್ತು. 8, 9, 10 ಗೇರಿನದು ಇನ್ನು ಸ್ವಲ್ಪ ತಾಳುತ್ತದೆ, 0.75 ಶೇಕಡದ ತನಕ. ಎಂಟನೇ ಒಂದು ಇಂಚು ಸರಿದಿದ್ದರೆ ತಡವಾಗಿದೆ, ಕ್ಯಾಸೆಟ್ಟೂ ಹೋಗಿರುವ ಸಾಧ್ಯತೆ ಹೆಚ್ಚು. ಇಬ್ಬರ ಚೈನೂ ಒಟ್ಟಿಗೆ ಸವೆಯುವುದಿಲ್ಲ, ಭಾರದ ಗೇರಿನಲ್ಲಿ ತುಳಿಯುವವರದು ಮೊದಲು.

ಗೇರು ಮತ್ತು ಬ್ರೇಕು

ಗೇರು ಸರಿಮಾಡಲು ಹಿಂಚಕ್ರ ನೆಲದಿಂದ ಮೇಲಿರಬೇಕು. ಒಂಟಿಯಾಗಿ ಮಾಡುವವರು ದುಬಾರಿ ಸ್ಟ್ಯಾಂಡ್ ಕೊಳ್ಳುತ್ತಾರೆ, ನೀವು ಇಬ್ಬರಿದ್ದೀರಿ. ಒಬ್ಬರು ಸೀಟು ಹಿಡಿದೆತ್ತಿ ಇನ್ನೊಂದು ಕೈಯಲ್ಲಿ ಪೆಡಲು ತಿರುಗಿಸಲಿ, ಸೈಕಲ್ಲಿನ ಒಡೆಯರು ಹಿಂದೆ ಕೂತು ಕೆಲಸ ಮಾಡಲಿ.

ಹಿಂದಿನ ಡಿರೈಲರಿಗೆ ಕೇಬಲ್ ಸೇರುವಲ್ಲಿ, ಇಲ್ಲವೇ ಅದರ ದಾರಿಯಲ್ಲೆಲ್ಲೋ, ಬೆರಳಲ್ಲಿ ತಿರುಗಿಸುವ ಬ್ಯಾರೆಲ್ ಅಡ್ಜಸ್ಟರ್ ಇರುತ್ತದೆ. ಚೈನು ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡವರಿಸಿದರೆ ಕೇಬಲ್ ಸಡಿಲಾಗಿದೆ: ಕೇಬಲ್ ಬಿಗಿಯಾಗುವ ಕಡೆಗೆ ಕಾಲು ಸುತ್ತು. ಅಡ್ಜಸ್ಟರ್ ಡಿರೈಲರಿನ ಮೇಲೇ ಇದ್ದು ನೀವು ಸೈಕಲ್ಲಿನ ಹಿಂದೆ ಕೂತಿದ್ದರೆ ಅದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕು. ಚಿಕ್ಕದಕ್ಕೆ ಇಳಿಯಲು ತಡವರಿಸಿದರೆ ಅದಕ್ಕೆ ಉಲ್ಟಾ. ಪ್ರತಿ ಕಾಲು ಸುತ್ತಿಗೂ ಗೇರು ಹಾಕಿ ನೋಡಿ. ಹೊಸ ಸೈಕಲ್ಲಿನಲ್ಲಿ ಮೊದಲ ವಾರಗಳಲ್ಲಿ ಕೇಬಲ್ ಕೂರುವುದರಿಂದ ಗೇರು ಕೆಡುವುದು ಸಹಜ. ಪಕ್ಕದಲ್ಲಿರುವ ಎಚ್, ಎಲ್ ಸ್ಕ್ರೂಗಳು ಚೈನು ಆಚೀಚೆ ಬೀಳದಂತೆ ತಡೆಯುವ ಗಡಿಗಳು, ಅವುಗಳ ತಂಟೆಗೆ ಹೋಗಬೇಡಿ. ಸೈಕಲ್ ಬಲಕ್ಕೆ ಬಿದ್ದ ಮೇಲೆ ಗೇರು ಕೆಟ್ಟಿದ್ದರೆ ಡಿರೈಲರ್ ಹಿಡಿದಿರುವ ಹ್ಯಾಂಗರ್ ಬಾಗಿರುತ್ತದೆ, ಅದು ಅಂಗಡಿಯ ಕೆಲಸ.

ರಿಮ್ ಬ್ರೇಕಿನ ಪ್ಯಾಡಿನಲ್ಲಿ ಗೀರುಗಳಿರುತ್ತವೆ. ಅವು ಮಾಸಿದರೆ ಬದಲಿಸಿ. ಮಳೆಯ ನಂತರ ಪ್ಯಾಡಿನಲ್ಲಿ ಚುಚ್ಚಿಕೊಂಡ ಮರಳು, ಅಲ್ಯುಮಿನಿಯಂ ಚೂರನ್ನು ಸೂಜಿಯಿಂದ ಕಿತ್ತು ತೆಗೆಯದಿದ್ದರೆ ರಿಮ್ಮನ್ನೇ ಕೆರೆಯುತ್ತವೆ. ಡಿಸ್ಕ್ ಬ್ರೇಕಿನ ಪ್ಯಾಡಿನ ಉಜ್ಜುವ ಪದರ ಅರ್ಧ ಮಿ.ಮೀ.ಗೆ ಬಂದರೆ ಮುಗಿಯಿತು. ಡಿಸ್ಕನ್ನು ಕೈಯಿಂದ ಮುಟ್ಟಬೇಡಿ, ಚೈನಿಗೆ ಸ್ಪ್ರೇ ಹೊಡೆಯುವಾಗ ಅದಕ್ಕೆ ಬಟ್ಟೆ ಮುಚ್ಚಿ. ಎಣ್ಣೆ ಕುಡಿದ ಪ್ಯಾಡು ಕಿರುಚುತ್ತದೆ, ಹಿಡಿಯುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬಹುದು, ಪ್ಯಾಡು ಹೆಚ್ಚಾಗಿ ಹೊಸದೇ ಬೇಕು.

ಬೋಲ್ಟುಗಳನ್ನು ಕೈಯಲ್ಲಿದ್ದಷ್ಟು ಶಕ್ತಿ ಹಾಕಿ ಬಿಗಿಯುವ ಅಭ್ಯಾಸ ಕೆಲವರಿಗೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಮೇಲೆ 5 ನ್ಯೂಟನ್ ಮೀಟರ್ ಎಂದು ಬರೆದಿದ್ದರೆ ಅಷ್ಟೇ. ಪುಟ್ಟ ಟಾರ್ಕ್ ರೆಂಚ್ ಕೊಂಡರೆ ಎರಡು ಸೈಕಲ್ಲಿಗೂ ಆಯಿತು. ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ.

ಅಂಗಡಿಗೆ ಬಿಡಬೇಕಾದ್ದು

ಹೈಡ್ರಾಲಿಕ್ ಬ್ರೇಕಿನ ಎಣ್ಣೆ ಬದಲಿಸುವುದು, ಬಾಟಮ್ ಬ್ರಾಕೆಟ್ (ಕ್ರ್ಯಾಂಕು ತಿರುಗುವ ಬೇರಿಂಗು), ಹ್ಯಾಂಗರ್, ಚಕ್ರದ ಬೆಂಡು ತೆಗೆಯುವುದು ಅಂಗಡಿಗೆ. ಚಕ್ರದ ಬೆಂಡಿಗಂತೂ ಝಗಮಗ ಷೋರೂಮಿಗಿಂತ ನಿಮ್ಮ ಬೀದಿಯ ಹಳೆಯ ಸೈಕಲ್ ಷಾಪಿನವರು ಎಷ್ಟೋ ವಾಸಿ. ಕಡ್ಡಿ ಕೀ ಹಿಡಿದು, ಕಣ್ಣಳತೆಯಲ್ಲೇ ರಿಮ್ಮು ನೆಟ್ಟಗೆ ಮಾಡುವ ಕೈ ಅವರದು. ಕಾರ್ಬನ್ ರಿಮ್ಮಾದರೆ ಮಾತ್ರ ಕಾರ್ಬನ್ ಗೊತ್ತಿರುವವರ ಬಳಿ ಹೋಗಿ.

ಹೆಂಡತಿಯ ಸೈಕಲ್ಲನ್ನು ಹೆಂಡತಿಯೇ ಕೊಂಡೊಯ್ಯಲಿ. ನಾನು ನನ್ನ ಸೈಕಲ್ಲಿನ ಗೇರಿನ ಬಗ್ಗೆ ಕೇಳಿದರೆ ಪಕ್ಕದಲ್ಲಿದ್ದ ನನ್ನ ಗಂಡನಿಗೆ "ನೋಡಿ ಸಾರ್, ಏನಾಗಿದೆ ಅಂದ್ರೆ" ಎಂದು ಉತ್ತರ ಕೊಟ್ಟ ಮೆಕ್ಯಾನಿಕ್ ಒಬ್ಬರಿದ್ದಾರೆ. ನನ್ನ ಗಂಡ ಮೊಬೈಲ್ ನೋಡುತ್ತ "ನಂಗೇನ್ ಗೊತ್ತು, ಅವರದ್ದು ಸೈಕಲ್" ಎಂದಮೇಲೆ ಮಾತು ನನ್ನ ಕಡೆ ತಿರುಗಿತು.

ದಾರಿಯಲ್ಲಿ ಕೈಕೊಟ್ಟರೆ

ಸರಿಮಾಡಲಾಗದಂತೆ ಏನಾದರೂ ಮುರಿದರೆ ಒಬ್ಬರು ಮನೆಗೆ ಹೋಗಿ ಕಾರು ತರುವುದು, ಇನ್ನೊಬ್ಬರು ರಸ್ತೆಬದಿ ಒಂಟಿಯಾಗಿ ಕಾಯುವುದು ಸುಲಭದ ದಾರಿಯಂತೆ ಕಾಣುತ್ತದೆ. ಊರ ಹತ್ತಿರ, ಹಗಲಲ್ಲಿ ಸರಿ. ದೂರದಲ್ಲಿ ಇಬ್ಬರೂ ಜೊತೆಗಿರಿ. ಹತ್ತಿರದ ಹಳ್ಳಿಯ ಸರ್ಕಲ್‌ವರೆಗೆ ತಳ್ಳಿಕೊಂಡು ಹೋದರೆ ಟೀ ಅಂಗಡಿಯವರೇ ಲಗೇಜ್ ಆಟೋದ ನಂಬರ್ ಕೊಡುತ್ತಾರೆ. ಎರಡು ಸೈಕಲ್ಲೂ ಅದರಲ್ಲಿ ಹಿಡಿಸುತ್ತವೆ. ಮುಂಚಕ್ರ ಬಿಚ್ಚಿ, ಡಿರೈಲರ್ ಇರುವ ಬಲಬದಿ ಮೇಲೆ ಬರುವಂತೆ ಮಲಗಿಸಿ, ಎರಡರ ನಡುವೆ ಗೋಣಿಚೀಲ ಹಾಕಿ. ಬಾಡಿಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ, ಇಬ್ಬರ ಚೀಲದಲ್ಲೂ ಐನೂರರ ಒಂದೊಂದು ನೋಟು ಇರಲಿ.